ಟಾಡಾ ಕೇಸಿನಲ್ಲಿ ಖುಲಾಸೆಯಾದವರ ಮೊಮ್ಮಗನಿಗೆ ಈಗ ಪೊಲೀಸ್ ವೆರಿಫಿಕೇಶನ್ ತೊಡಕು: ಏನು ಮಾಡುವುದು?

ಹನೂರಿನವ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಿಂದ ಒಳಗಿದೆ. ಪಕ್ಕದ ಮನೆಯ ಹಿರಿಯರನ್ನು ಊರಲ್ಲಿ ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯುವುದು. ಎಪ್ಪತ್ತೈದು ದಾಟಿದೆ. ಅವರ ಮೊಮ್ಮಗ ಡಿಪ್ಲೊಮಾ ಮುಗಿಸಿ ಒಂದು ಕೆಲಸಕ್ಕೆ ಆಯ್ಕೆಯಾದ. ಹೋದ ತಿಂಗಳು ವೆರಿಫಿಕೇಶನ್‌ಗೆ ಬಂದವರು ಮನೆ ನೋಡಿದ ಕೂಡಲೇ, "ಇದು ಆ ಟಾಡಾದವರ ಮನೆ ಅಲ್ವಾ?" ಅಂದರು. ಫೈಲು ಅಲ್ಲಿಗೇ ನಿಂತಿದೆ. ಹುಡುಗ ಹುಟ್ಟಿದ್ದು 2002ರಲ್ಲಿ. ಅವನ ತಾತ ಖುಲಾಸೆಯಾಗಿ ಮನೆಗೆ ಬಂದಿದ್ದು 2001ರಲ್ಲಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟಾಡಾ ಅಂದರೆ ಭಯೋತ್ಪಾದನೆ ತಡೆಯಲು ಅಂತ ತಂದಿದ್ದ ವಿಶೇಷ ಕಾಯ್ದೆ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರ ವೀರಪ್ಪನ್ ನೆಲಬಾಂಬ್ ಸಿಡಿಸಿದ. 22 ಜನ ಸತ್ತರು. ಅದಾದ ಮೇಲೆ ಕಾಡಂಚಿನ ಊರುಗಳಲ್ಲಿ ಗಂಡಸರು ಮನೆಯಲ್ಲಿ ಮಲಗುವುದನ್ನೇ ಬಿಟ್ಟರು. ಕಾಡಿಗೆ ಹೋದರೆ ವೀರಪ್ಪನ್ ಭಯ, ಊರಲ್ಲಿದ್ದರೆ ಜೀಪಿನ ಭಯ. ದೊಡ್ಡಪ್ಪ ಕುರಿ ಕಾಯುತ್ತಿದ್ದವರು. "ಗ್ಯಾಂಗಿಗೆ ರಾಗಿ, ಉಪ್ಪು ಕೊಟ್ಟೆ" ಅಂತ ಹಿಡಿದರು. ಕೊಟ್ಟಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಿದರೆ ಅವರು ಹೇಳುವುದು ಒಂದೇ ಮಾತು: "ಕೋವಿ ಹಿಡಿದು ಬಾಗಿಲಿಗೆ ಬಂದವನಿಗೆ ಇಲ್ಲ ಅನ್ನೋಕೆ ಆಗ್ತದಾ ಮಗಾ?"

ಯಾವ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಮೇಲೆ ಮೈಸೂರು ಜೈಲು. ಎಂಟು ವರ್ಷ. ದೊಡ್ಡಮ್ಮ ಮೂವತ್ತೆರಡು ಕುರಿಗಳನ್ನು ಒಂದೊಂದಾಗಿ ಮಾರಿದರು, ಬಸ್ ಚಾರ್ಜಿಗೆ ಮತ್ತು ವಕೀಲರಿಗೆ. ಜೈಲಿಗೆ ಹೋಗುವ ಹಿಂದಿನ ರಾತ್ರಿ ರಾಗಿ ರೊಟ್ಟಿ ತಟ್ಟಿ ಟವೆಲಿನಲ್ಲಿ ಕಟ್ಟುತ್ತಿದ್ದರು. ನಾನು ಚಿಕ್ಕವನಿದ್ದಾಗ ಒಮ್ಮೆ ಜೊತೆಗೆ ಹೋಗಿದ್ದೆ. ಒಳಗೆ ಬಿಡದೆ ವಾಪಸ್ ಕೊಟ್ಟ ರೊಟ್ಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂತು ನಾವಿಬ್ಬರೇ ತಿಂದಿದ್ದು ಇನ್ನೂ ನೆನಪಿದೆ.

2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ವಿಶೇಷ ಕೋರ್ಟ್ ಆ ಕೇಸುಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಿಡುಗಡೆ ಮಾಡಿತು. ಶಿಕ್ಷೆಯಾಗಿದ್ದು ಬೆರಳೆಣಿಕೆಯ ಜನರಿಗೆ. ದೊಡ್ಡಪ್ಪ ಬಿಡುಗಡೆಯಾದವರ ಪೈಕಿ. ಇವತ್ತಿಗೂ ಯೂನಿಫಾರಂ ಹಾಕಿದವರು ಮಾತಾಡಿಸಿದರೆ ಎದ್ದು ನಿಂತು ಕೈ ಹಿಂದೆ ಕಟ್ಟುತ್ತಾರೆ. ಬಸ್ ಕಂಡಕ್ಟರ್ ಆದರೂ ಅಷ್ಟೇ.

ಹುಡುಗನ ವಿಷಯಕ್ಕೆ ಏನು ಮಾಡಬಹುದು? ಹಾಗೆಯೇ, ಇಂಥ ಕಾನೂನುಗಳ ಬಗ್ಗೆ ನೀವೆಲ್ಲ ಏನು ಯೋಚಿಸುತ್ತೀರಿ ಅಂತಲೂ ತಿಳಿಯಬೇಕು.

ಮೈಸೂರು_ವಕೀಲೆ:
ಮೊದಲು ಕೆಲಸದ ಮಾತು. ವೆರಿಫಿಕೇಶನ್ ಫಾರಂನಲ್ಲಿ ಕೇಳುವುದು ಅಭ್ಯರ್ಥಿಯ ಮೇಲೆ ಕೇಸು ಇದೆಯೇ ಅಂತ. ತಾತನ ಮೇಲಲ್ಲ. ಆದರೂ ನೀವು ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಕೇಸ್ ನಂಬರ್ ಇದೆಯಾ? ಹಳೆಯ ಸಮನ್ಸ್, ಜೈಲಿನಿಂದ ಬಿಟ್ಟಾಗ ಕೊಟ್ಟ ಚೀಟಿ, ವಕಾಲತ್ತಿನ ನಕಲು, ಯಾವುದಾದರೂ ಇದ್ದರೆ ಸಾಕು. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಬಹುದು. ಹುಡುಗನ ಫೈಲು ಯಾವ ಹಂತದಲ್ಲಿದೆ ಅಂತ ಮಾಹಿತಿ ಹಕ್ಕಿನಲ್ಲಿ ಬೇರೆಯಾಗಿ ಕೇಳಿ. ಬಾಯಿಮಾತಿನ "ನೋಡೋಣ"ಕ್ಕಿಂತ ಬರಹದ ಉತ್ತರ ಯಾವಾಗಲೂ ಒಳ್ಳೆಯದು.

ಇನ್ನು ಕಾನೂನಿನ ಮಾತು. ಆ ಹೆಬ್ಬೆಟ್ಟು ಇದೆಯಲ್ಲ, ಟಾಡಾದ ಹೃದಯವೇ ಅದು. ಆಗ ಇದ್ದ ನಮ್ಮ ಸಾಕ್ಷ್ಯ ಕಾಯ್ದೆ 1872ರದ್ದು, ಬ್ರಿಟಿಷರು ಮಾಡಿದ್ದು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಬಾರದು ಅಂತ ಅವರೇ ಬರೆದಿದ್ದರು. ಹೊಡೆದರೆ ಯಾರಾದರೂ ಏನು ಬೇಕಾದರೂ ಒಪ್ಪುತ್ತಾರೆ ಅನ್ನುವುದು ಅವರಿಗೂ ಗೊತ್ತಿತ್ತು. ಸ್ವತಂತ್ರ ಭಾರತದ ಟಾಡಾ ಆ ರಕ್ಷಣೆಯನ್ನು ಕಿತ್ತು ಹಾಕಿತು. ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡರೆ ಸಾಕು, ಅದು ಸಾಕ್ಷ್ಯ. 1994ರಲ್ಲಿ ಕರ್ತಾರ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ನನ್ನ ಮಟ್ಟಿಗೆ ಅದು ದೊಡ್ಡ ಸೋಲು.

ಚಾರ್ಜ್‌ಶೀಟ್ ಇಲ್ಲದೆ ಒಂದು ವರ್ಷ ಒಳಗಿಡಬಹುದಿತ್ತು. 1993ರಲ್ಲಿ ಅದನ್ನು 180 ದಿನಕ್ಕೆ ಇಳಿಸಿದರು. ಜಾಮೀನು ಬೇಕಿದ್ದರೆ, ಈತ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣ ಇದೆ ಅಂತ ನ್ಯಾಯಾಧೀಶರಿಗೇ ಅನ್ನಿಸಬೇಕು. ಓದು ಬರಹ ಬಾರದ ಕುರುಬ, ಸೋಲಿಗ ಅದನ್ನು ಹೇಗೆ ಮನವರಿಕೆ ಮಾಡಿಸುತ್ತಾನೆ?

ಪಶ್ಚಿಮವಾಹಿನಿ:
ಒಂದು ಸಂಶಯ. ವೀರಪ್ಪನ್ ದಂತಚೋರ, ಕೊಲೆಗಾರ. ಭಯೋತ್ಪಾದಕ ಅನ್ನೋದು ಬೇರೆ ಅಲ್ವಾ? ಟಾಡಾ ಬಂದಿದ್ದು ಪಂಜಾಬಿಗಾಗಿ ಅಂತ ಓದಿದ್ದೆ.

ಮೈಸೂರು_ವಕೀಲೆ:
ಸರಿಯಾಗಿ ಹಿಡಿದಿರಿ. 1985ರಲ್ಲಿ ಪಂಜಾಬಿನ ಬೆಂಕಿ ಆರಿಸಲು ಅಂತ ತಂದರು. ಎರಡು ವರ್ಷಕ್ಕೆ ಮಾತ್ರ ಅಂದರು. 1987ರಲ್ಲಿ ಮತ್ತೆ ಬಂತು, ಮತ್ತೆ ಮತ್ತೆ ಮುಂದುವರಿಯಿತು. ಭಯೋತ್ಪಾದನೆಯ ಗಾಳಿಯೇ ಇಲ್ಲದ ಕಾಲದಲ್ಲೂ ಗುಜರಾತಿನಲ್ಲಿ ಸಾವಿರಾರು ಜನ ಅದರಡಿ ಜೈಲು ಕಂಡರು. ದೇಶದಲ್ಲಿ ಒಟ್ಟು 76,000ಕ್ಕೂ ಹೆಚ್ಚು ಜನರನ್ನು ಹಿಡಿದರು. ಶಿಕ್ಷೆಯಾಗಿದ್ದು ಶೇ. 2ಕ್ಕಿಂತ ಕಡಿಮೆ. 1995ರ ಫೆಬ್ರುವರಿಯಲ್ಲಿ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷ ರಂಗನಾಥ ಮಿಶ್ರಾ ಅವರು ಇದನ್ನು ಮುಂದುವರಿಸಬೇಡಿ ಅಂತ ಸಂಸದರಿಗೆಲ್ಲ ಪತ್ರ ಬರೆದರು. ಅದೇ ಮೇ ತಿಂಗಳಲ್ಲಿ ಕಾಯ್ದೆ ಕಾಲವಾಯಿತು. ಕೇಸುಗಳು ಮಾತ್ರ ಉಳಿದವು. ಹನೂರಿನ ದೊಡ್ಡಪ್ಪ ಇಲ್ಲದ ಕಾಯ್ದೆಯಡಿ ಇನ್ನೂ ಆರು ವರ್ಷ ಒಳಗೇ ಇದ್ದರು, ಲೆಕ್ಕ ಹಾಕಿ.

ಖಾಕಿ_ಮನೆಯವನು:
ನಾನು ಇನ್ನೊಂದು ಕಡೆಯಿಂದ ಹೇಳಬೇಕು. ದಯವಿಟ್ಟು ಪೂರ್ತಿ ಓದಿ.

ನನ್ನ ಅಪ್ಪ ಕಾನ್‌ಸ್ಟೇಬಲ್. ಆ ಕಾಡಿನಲ್ಲಿ ಡ್ಯೂಟಿ ಮಾಡಿದ್ದಾರೆ. 1991ರಲ್ಲಿ ವೀರಪ್ಪನ್ ಅರಣ್ಯಾಧಿಕಾರಿ ಶ್ರೀನಿವಾಸ್ ಅವರನ್ನು, ಶರಣಾಗುತ್ತೇನೆ ಬಾ ಅಂತ ಕರೆಸಿ ಕೊಂದ. ತಲೆ ಕಡಿದ. 1992ರಲ್ಲಿ ರಾಮಾಪುರ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದ. ಅದೇ ವರ್ಷ ಆಗಸ್ಟ್‌ನಲ್ಲಿ ಮೀಣ್ಯದ ಹತ್ತಿರ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಜೀವ ಬಿಟ್ಟರು. ಸಂಜೆ ರೇಡಿಯೋ ವಾರ್ತೆ ಬಂದರೆ ನಮ್ಮಮ್ಮ ಒಲೆ ಆರಿಸಿ ಬಂದು ಕೂರುತ್ತಿದ್ದರು. ಹೆಸರು ಪೂರ್ತಿ ಓದಿ ಮುಗಿಯುವವರೆಗೆ ಮಾತಿಲ್ಲ.

ಊರಿನವರು ಸಾಕ್ಷಿ ಹೇಳುತ್ತಿರಲಿಲ್ಲ. ಹೇಳಿದವರನ್ನು ಅವನು ಬಿಡುತ್ತಲೂ ಇರಲಿಲ್ಲ. ಮಾಮೂಲಿ ಕಾನೂನು ಹಿಡಿದು ಕೂತಿದ್ದರೆ ಒಬ್ಬನನ್ನೂ ಒಳಗೆ ಹಾಕಲು ಆಗುತ್ತಿರಲಿಲ್ಲ. ಹಕ್ಕಿನ ಬಗ್ಗೆ ಮಾತಾಡುವವರು ಆ ಮನೆಗಳ ಹೆಂಗಸರನ್ನೂ ನೆನೆಯಬೇಕು.

ಹನೂರಿನವ:
ನೆನೆಯುತ್ತೇವೆ ಸಾರ್. ರಾಮಾಪುರ ನಮಗೆ ದೂರ ಅಲ್ಲ. ಸತ್ತ ಪೊಲೀಸರು ಎಷ್ಟೋ ಜನ ನಮ್ಮಂಥ ಊರಿನ ಮಕ್ಕಳೇ. ಆದರೆ ಅವರ ಸಾವಿಗೆ ಕುರಿ ಕಾಯುವವನ ಎಂಟು ವರ್ಷ ಲೆಕ್ಕ ಚುಕ್ತಾ ಮಾಡುತ್ತದಾ? ನಿಜವಾಗಿ ಕೇಳುತ್ತಿದ್ದೇನೆ, ಜಗಳಕ್ಕಲ್ಲ.

ಖಾಕಿ_ಮನೆಯವನು:
ಇಲ್ಲ. ಮಾಡುವುದಿಲ್ಲ.

ರಾಜಣ್ಣನ_ಅಭಿಮಾನಿ:
ನಾನು ಟಾಡಾ ಅನ್ನುವ ಪದ ಕೇಳಿದ್ದೇ 2000ದಲ್ಲಿ. ಜುಲೈ 30ರ ರಾತ್ರಿ ಗಾಜನೂರಿನಿಂದ ಅಣ್ಣಾವ್ರನ್ನು ಎತ್ತಿಕೊಂಡು ಹೋದ. 108 ದಿನ. ಅವನ ಬೇಡಿಕೆಗಳಲ್ಲಿ ಟಾಡಾ ಕೈದಿಗಳನ್ನು ಬಿಡಿ ಅನ್ನುವುದೂ ಇತ್ತು. ನಾವೆಲ್ಲ "ಬಿಟ್ಟುಬಿಡ್ರಪ್ಪಾ, ಅಣ್ಣಾವ್ರು ಬರಲಿ" ಅಂದೆವು. ಅವರು ಯಾರು, ಯಾಕೆ ಏಳು ವರ್ಷದಿಂದ ಒಳಗಿದ್ದಾರೆ, ಕೇಸು ಯಾಕೆ ಮುಗಿದಿಲ್ಲ ಅಂತ ನಾನಂತೂ ಒಂದು ದಿನವೂ ಯೋಚಿಸಲಿಲ್ಲ. ವೀರಪ್ಪನ್ ಕಡೆಯ ರಾಕ್ಷಸರು ಅಂದುಕೊಂಡಿದ್ದೆ. ರೊಟ್ಟಿ ಕಟ್ಟಿಕೊಂಡು ಬಸ್ ಹತ್ತುವ ದೊಡ್ಡಮ್ಮನೂ ಆ ಪಟ್ಟಿಯ ಹಿಂದೆ ಇದ್ದರು ಅಂತ ಇವತ್ತು ಗೊತ್ತಾಯಿತು. ಮನಸ್ಸಿಗೆ ತುಂಬಾ ನೋವಾಗುತ್ತಿದೆ.

ಮೈಸೂರು_ವಕೀಲೆ:
ಆ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಹುತಾತ್ಮ ಎಸ್‌ಐ ಶಕೀಲ್ ಅಹ್ಮದ್ ಅವರ ತಂದೆ ಅಬ್ದುಲ್ ಕರೀಂ. ಸರ್ಕಾರ ಟಾಡಾ ಆರೋಪಗಳನ್ನು ಕೈಬಿಡಲು ಹೊರಟಾಗ ಆ ವಯಸ್ಸಾದ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ಅಣ್ಣಾವ್ರಿಗಾಗಿ ಕಾಯುತ್ತಿದ್ದ ಹೊತ್ತು, ಅವರ ಮೇಲೆ ಎಷ್ಟು ಒತ್ತಡ ಇದ್ದಿರಬೇಕು! ನವೆಂಬರಿನಲ್ಲಿ ಕೋರ್ಟ್ ಅವರ ಮಾತು ಒಪ್ಪಿತು, ಕೇಸು ವಾಪಸಾತಿ ರದ್ದಾಯಿತು. ಕೆಲವೇ ದಿನದಲ್ಲಿ, ನವೆಂಬರ್ 15ಕ್ಕೆ, ಅಣ್ಣಾವ್ರೂ ಬಂದರು.

ನನಗೆ ಇಲ್ಲಿ ಕಾಣುವುದು ಇಷ್ಟು. ಅಬ್ದುಲ್ ಕರೀಂ ಹೇಳಿದ್ದು ಸರಿ. ಬಂದೂಕಿನ ಬೆದರಿಕೆಗೆ ಕೇಸು ಬಿಡಬಾರದು. ಆದರೆ ಸಾಕ್ಷ್ಯ ಇಲ್ಲದ ಕೇಸುಗಳನ್ನು 1994ರಲ್ಲೋ 1995ರಲ್ಲೋ ಕೋರ್ಟೇ ಕೈಬಿಟ್ಟಿದ್ದರೆ? ವೀರಪ್ಪನ್ ಕೈಯಲ್ಲಿ ಆ ಬೇಡಿಕೆಯೇ ಇರುತ್ತಿರಲಿಲ್ಲ. ಅಮಾಯಕರನ್ನು ಒಳಗಿಟ್ಟು ಅವನಿಗೆ ಒಂದು ನ್ಯಾಯದ ಮಾತು ಕೊಟ್ಟವರು ನಾವು.

ಮಲ್ಲೇಶ್ವರದವಳು:
ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ. 2013ರ ಏಪ್ರಿಲ್ 17ರ ಬೆಳಗ್ಗೆ ಮಲ್ಲೇಶ್ವರದಲ್ಲಿ ಬೈಕ್ ಬಾಂಬ್ ಸಿಡಿದಾಗ ನಾನು ಮನೆಯಲ್ಲಿದ್ದೆ. ಮೊದಲು ಗ್ಯಾಸ್ ಸಿಲಿಂಡರ್ ಅಂದುಕೊಂಡೆವು. ಮಗಳು ಟ್ಯೂಷನ್‌ಗೆ ಹೋಗಿದ್ದಳು. ಫೋನ್ ಸಿಗಲಿಲ್ಲ. ಚಪ್ಪಲಿ ಇಲ್ಲದೆ ಓಡಿದ್ದೆ. ರಸ್ತೆ ತುಂಬ ಗಾಜು. ಕಾಲು ಕುಯ್ದಿದ್ದು ಸಂಜೆಗೆ ಗೊತ್ತಾಯಿತು.

2008ರ ಸರಣಿ ಸ್ಫೋಟ, 2010ರ ಚಿನ್ನಸ್ವಾಮಿ ಸ್ಟೇಡಿಯಂ, 2014ರ ಚರ್ಚ್ ಸ್ಟ್ರೀಟ್, 2024ರ ರಾಮೇಶ್ವರಂ ಕೆಫೆ. ಪ್ರತಿ ಸಲ ನಾವು ಕಸದ ಬುಟ್ಟಿ ನೋಡಿದರೂ ಹೆದರುತ್ತೇವೆ. ಕಠಿಣ ಕಾನೂನು ಬೇಡ ಅಂದರೆ ಮತ್ತೇನು ಬೇಕು? ದೊಡ್ಡಪ್ಪನ ಕಥೆಗೆ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ. ಆದರೆ ಅದು ಮೂವತ್ತು ವರ್ಷ ಹಿಂದಿನದು.

ಕಾನೂನು_ಓದುವವ:
ಅಕ್ಕಾ, ಹಳೆಯದು ಅನ್ನುವಂತಿಲ್ಲ. ಟಾಡಾ ಹೋಗಿ 2002ರಲ್ಲಿ ಅಂಥದ್ದೇ ಪೋಟಾ ಕಾಯ್ದೆ ಬಂತು. 2004ರಲ್ಲಿ ಪೋಟಾ ರದ್ದಾಯಿತು, ಅದರ ಎಷ್ಟೋ ಕಲಂಗಳು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಒಳಗೆ ಸೇರಿದವು. ಮುಂಬೈ ದಾಳಿ ಆದ ಮೇಲೆ, 2008ರ ಡಿಸೆಂಬರಿನಲ್ಲಿ ಅದಕ್ಕೆ 43ಡಿ ಅನ್ನುವ ಕಲಂ ಸೇರಿಸಿದರು. ಚಾರ್ಜ್‌ಶೀಟಿಗೆ 180 ದಿನ. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನು ಇಲ್ಲ. 2019ರಲ್ಲಿ ವಟಾಲಿ ಕೇಸಿನ ತೀರ್ಪು ಬಂದು, ಜಾಮೀನಿನ ಹಂತದಲ್ಲಿ ಸಾಕ್ಷ್ಯವನ್ನು ಆಳವಾಗಿ ತೂಗುವಂತಿಲ್ಲ ಅಂದಿತು. ಅಂದರೆ ಪೊಲೀಸರು ಬರೆದಿದ್ದೇ ಸದ್ಯಕ್ಕೆ ಸತ್ಯ. ತಪ್ಪೊಪ್ಪಿಗೆಯ ಆ ಕೆಟ್ಟ ಕಲಂ ಯುಎಪಿಎಯಲ್ಲಿ ಇಲ್ಲ, ಅದು ಒಳ್ಳೆಯದೇ. ಆದರೆ ಜಾಮೀನಿನ ಬಾಗಿಲಿಗೆ ಬೀಗ ಬಿದ್ದ ಮೇಲೆ ತಪ್ಪೊಪ್ಪಿಗೆ ಯಾಕೆ ಬೇಕು? ವಿಚಾರಣೆ ಮುಗಿಯುವಷ್ಟರಲ್ಲಿ ಶಿಕ್ಷೆ ಅನುಭವಿಸಿಯೇ ಆಗಿರುತ್ತದೆ.

ಸರ್ಕಾರವೇ 2021ರಲ್ಲಿ ರಾಜ್ಯಸಭೆಗೆ ಕೊಟ್ಟ ಲೆಕ್ಕ: 2016ರಿಂದ 2019ರವರೆಗೆ ಯುಎಪಿಎ ಅಡಿ 5,922 ಜನರ ಬಂಧನ. ಆ ಅವಧಿಯಲ್ಲಿ ಶಿಕ್ಷೆಯಾಗಿದ್ದು 132 ಜನರಿಗೆ.

ಆದಿವಾಸಿಗಳ ಪರ ದುಡಿದ ಪಾದ್ರಿ ಫಾದರ್ ಸ್ಟ್ಯಾನ್ ಸ್ವಾಮಿ ಬೆಂಗಳೂರಿನಲ್ಲೂ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಯುಎಪಿಎ ಅಡಿ ಬಂಧನವಾದಾಗ 83 ವಯಸ್ಸು, ಪಾರ್ಕಿನ್ಸನ್ ಕಾಯಿಲೆ. ಕೈ ನಡುಗಿ ಲೋಟ ಹಿಡಿಯಲು ಆಗುತ್ತಿರಲಿಲ್ಲ. ಸ್ಟ್ರಾ ಇರುವ ಸಿಪ್ಪರ್ ಬೇಕು ಅಂತ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಅದಕ್ಕೆ ಉತ್ತರ ಕೊಡಲು ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ 20 ದಿನ ಕೇಳಿತು. ನೀರು ಕುಡಿಯುವ ಲೋಟಕ್ಕೆ! 2021ರ ಜುಲೈ 5ರಂದು ಜಾಮೀನು ಸಿಗದೆ ತೀರಿಕೊಂಡರು. ವಿಚಾರಣೆ ಶುರುವಾಗಿಯೇ ಇರಲಿಲ್ಲ.

ಕಲಬುರಗಿ_ಮಂದಿ:
ನಮ್ಮ ಕಡೆಯದೂ ಒಂದು ಹೇಳಬೇಕು. ಕಲಬುರಗಿಯಲ್ಲಿ ಫಾರ್ಮಸಿ ಓದುತ್ತಿದ್ದ ಹುಡುಗನನ್ನು 1994ರ ಜನವರಿಯಲ್ಲಿ ಒಯ್ದರು. 1993ರ ಡಿಸೆಂಬರಿನ ರೈಲು ಸ್ಫೋಟಗಳ ಕೇಸು. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಆಧಾರ ಅಂದ್ರ ಪೊಲೀಸರ ವಶದಾಗ ಬರೆಸಿಕೊಂಡ ತಪ್ಪೊಪ್ಪಿಗೆ. ಅಣ್ಣನನ್ನೂ ಒಯ್ದರು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 22 ವರ್ಷಕ್ಕೂ ಹೆಚ್ಚು. ಪರೀಕ್ಷೆ ಬರೆಯಬೇಕಿದ್ದ ಹುಡುಗ ನಡುವಯಸ್ಸಿನವನಾಗಿ ಮನೆಗೆ ಬಂದ. ಅವನ ಅಪ್ಪ ಮಕ್ಕಳು ಹೊರಗೆ ಬರುವುದನ್ನು ನೋಡದೇ ತೀರಿಕೊಂಡಿದ್ದರು.

ನನ್ನ ಮಗನಿಗೆ ಈಗ ಹತ್ತೊಂಬತ್ತು. ಅವನೂ ಫಾರ್ಮಸಿ. ಅದಕ್ಕೇ ಇದು ತಲೆಯಿಂದ ಹೋಗುವುದಿಲ್ಲ.

ಬ್ರಿಸ್ಬೇನ್_ಕನ್ನಡಿಗ:
ಇದು ಭಾರತದ ಕಥೆ ಮಾತ್ರ ಅಲ್ಲ. ಡಾ. ಮೊಹಮ್ಮದ್ ಹನೀಫ್ ನೆನಪಿದೆಯಾ? ಮೂಡಿಗೆರೆಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಓದಿದವರು. ಇಲ್ಲಿ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಡಾಕ್ಟರ್. 2007ರ ಜುಲೈ 2ರಂದು, ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಾಗ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಹಿಡಿದರು. ಎರಡು ದಿನ ಮೊದಲು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಬೆಂಕಿ ಜೀಪು ನುಗ್ಗಿತ್ತು, ನುಗ್ಗಿಸಿದವನು ಇವರ ದೂರದ ಸಂಬಂಧಿ. ಹನೀಫ್ ಇಂಗ್ಲೆಂಡ್ ಬಿಡುವಾಗ ಅವನ ತಮ್ಮನಿಗೆ ಹಳೆಯ ಸಿಮ್ ಕಾರ್ಡ್ ಕೊಟ್ಟಿದ್ದರು. ಅಷ್ಟೇ.

ಆರೋಪ ಹೊರಿಸದೆ 12 ದಿನ ಇಟ್ಟರು. ಇಲ್ಲಿಯ ಕಾನೂನಿನಲ್ಲಿ ಪ್ರಶ್ನೆ ಕೇಳದ ಹೊತ್ತನ್ನು ಲೆಕ್ಕಕ್ಕೇ ಹಿಡಿಯದೆ ಬಂಧನ ಎಳೆಯಬಹುದಿತ್ತು. ಸಿಮ್ ಸಿಕ್ಕಿದ್ದು ಉರಿದ ಜೀಪಿನಲ್ಲಿ ಅಂತ ಕೋರ್ಟಿಗೆ ಹೇಳಿದರು. ನಿಜವಾಗಿ ಅದು ಇದ್ದಿದ್ದು ಲಿವರ್‌ಪೂಲ್‌ನಲ್ಲಿ, ಆ ತಮ್ಮನ ಹತ್ತಿರ. ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಕೆಲವೇ ಗಂಟೆಯಲ್ಲಿ ಮಂತ್ರಿ ಕೆವಿನ್ ಆಂಡ್ರೂಸ್ ವೀಸಾ ರದ್ದು ಮಾಡಿ, ಹೊರಗೆ ಬಿಡದಂತೆ ನೋಡಿಕೊಂಡರು.

ಆ ವಾರಗಳಲ್ಲಿ ನಮ್ಮ ಮನೆಗಳಲ್ಲಿ ಫೋನಿನಲ್ಲಿ ಕನ್ನಡ ಮಾತಾಡುವಾಗಲೂ ದನಿ ತಗ್ಗಿಸುತ್ತಿದ್ದೆವು. ನನ್ನ ಹಳೆಯ ಸಿಮ್ ಒಂದನ್ನು ಗೆಳೆಯನಿಗೆ ಕೊಟ್ಟಿದ್ದೆ. ರಾತ್ರಿ ನಿದ್ದೆ ಬರದೆ ಅವನಿಗೆ ಫೋನ್ ಮಾಡಿ ಅದನ್ನು ಕತ್ತರಿಸಿ ಹಾಕು ಅಂದಿದ್ದೆ.

ಆದರೆ ಮುಂದೆ ಆಗಿದ್ದನ್ನೂ ಹೇಳಬೇಕು. ಹನೀಫ್ ವಕೀಲ ಸ್ಟೀಫನ್ ಕೀಮ್, ವಿಚಾರಣೆಯ ದಾಖಲೆಯನ್ನು ಪತ್ರಿಕೆಗೆ ಕೊಟ್ಟು ಸುಳ್ಳು ಬಯಲು ಮಾಡಿದರು. ಜುಲೈ 27ಕ್ಕೆ ಆರೋಪ ಕೈಬಿಟ್ಟರು. ಕೋರ್ಟ್ ವೀಸಾ ರದ್ದತಿಯನ್ನೂ ತಳ್ಳಿಹಾಕಿತು. ಸರ್ಕಾರ ಬದಲಾದ ಮೇಲೆ ಕ್ಲಾರ್ಕ್ ಅನ್ನುವವರ ತನಿಖೆ ನಡೆಯಿತು, ಇವರ ವಿರುದ್ಧ ಏನೂ ಇರಲಿಲ್ಲ ಅಂತ 2008ರಲ್ಲಿ ವರದಿ ಬಂತು. 2010ರಲ್ಲಿ ಪರಿಹಾರವೂ ಸಿಕ್ಕಿತು, ಆ ಲೆಕ್ಕವಿಲ್ಲದ ಹೊತ್ತಿಗೆ ಏಳು ದಿನದ ಮಿತಿಯೂ ಬಂತು. ತಪ್ಪು ಅವರೂ ಮಾಡಿದರು. ಆದರೆ ಯಾಕೆ ಆಯಿತು ಅಂತ ಹುಡುಕಿ, ಬರೆದು, ಕಾನೂನು ತಿದ್ದಿದರು.

ಮಲ್ಲೇಶ್ವರದವಳು:
ಎಲ್ಲ ಓದಿದೆ. ಎರಡು ಸಲ. ನನ್ನ ಭಯ ಹೋಗಿಲ್ಲ, ಹೋಗಿದೆ ಅಂದರೆ ಸುಳ್ಳಾಗುತ್ತದೆ. ಆದರೆ ಒಂದು ಮಾತು ತಲೆಗೆ ಬಂತು. ತಪ್ಪು ಹುಡುಗ ಒಳಗಿದ್ದಷ್ಟು ದಿನ ನಿಜವಾಗಿ ಬಾಂಬ್ ಇಟ್ಟವನು ಹೊರಗಿರುತ್ತಾನೆ, ಅಲ್ವಾ? 2008ರ ಸ್ಫೋಟದ ಕೇಸು ಹತ್ತು ವರ್ಷ ದಾಟಿದರೂ ಮುಗಿದಿರಲಿಲ್ಲ. ಅಲ್ಲಿ ಜೀವ ಕಳೆದುಕೊಂಡವರ ಮನೆಗೂ ಉತ್ತರ ಸಿಗಲಿಲ್ಲ, ಒಳಗಿದ್ದವರಿಗೂ ಸಿಗಲಿಲ್ಲ. ಕಠಿಣ ಕಾನೂನು ಅಂದರೆ ಬೇಗ ನ್ಯಾಯ ಅಂತ ನಾನು ಅಂದುಕೊಂಡಿದ್ದೆ.

ಖಾಕಿ_ಮನೆಯವನು:
ನಿನ್ನೆ ರಾತ್ರಿ ಈ ಚರ್ಚೆಯನ್ನು ಅಪ್ಪನಿಗೆ ಓದಿ ಹೇಳಿದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಹೇಳಿದ್ದು: "ಗ್ಯಾಂಗ್‌ನವರು ಕೈಗೆ ಸಿಗುತ್ತಿರಲಿಲ್ಲ. ಜೊತೆಯವರು ಸತ್ತ ಸಿಟ್ಟು ಇತ್ತು. ಸಿಕ್ಕಿದವರು ಊರಿನವರೇ. ನಮಗೂ ಮನಸ್ಸಿಗೆ ಗೊತ್ತಾಗುತ್ತಿತ್ತು, ಎಲ್ಲರೂ ಅಂಥವರಲ್ಲ ಅಂತ." ಅಪ್ಪ ಇಷ್ಟು ವರ್ಷದಲ್ಲಿ ಈ ಮಾತು ಆಡಿದ್ದು ಇದೇ ಮೊದಲು.

ಇನ್ನೊಂದು ಅವರೇ ಹೇಳಿದ್ದು. ವೀರಪ್ಪನ್ ಕೊನೆಗೆ ಸತ್ತಿದ್ದು 2004ರ ಅಕ್ಟೋಬರ್ 18ರಂದು, ಧರ್ಮಪುರಿ ಕಡೆ. ಟಾಡಾ ಮುಗಿದು ಒಂಬತ್ತು ವರ್ಷ ಆಗಿತ್ತು. ತಮಿಳುನಾಡು ಪೊಲೀಸರು ತಮ್ಮವರನ್ನೇ ಅವನ ಹತ್ತಿರಕ್ಕೆ ನುಗ್ಗಿಸಿ, ಕಣ್ಣಿನ ಚಿಕಿತ್ಸೆ ಅಂತ ಆಂಬುಲೆನ್ಸ್ ಹತ್ತಿಸಿ ಹೊರಗೆ ತಂದರು. ತಾಳ್ಮೆಯ ಪೊಲೀಸ್ ಕೆಲಸ. ಒಬ್ಬ ಕುರಿ ಕಾಯುವವನ ಹೆಬ್ಬೆಟ್ಟೂ ಅದಕ್ಕೆ ಬೇಕಾಗಲಿಲ್ಲ.

ಕಾನೂನು_ಓದುವವ:
ಖಾಕಿ ಅಣ್ಣಾ, ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಸಣ್ಣ ಬೆಳಕು ಇಲ್ಲವೇ ಇಲ್ಲ ಅಂತಲ್ಲ. 2021ರಲ್ಲಿ ನಜೀಬ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆ ಬೇಗ ಮುಗಿಯುವ ಲಕ್ಷಣ ಇಲ್ಲದಿದ್ದರೆ ಯುಎಪಿಎ ಆದರೂ ಜಾಮೀನು ಕೊಡಬಹುದು ಅಂದಿತು. ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿ ಆ ಕಲಂಗಿಂತ ದೊಡ್ಡದು. ಕಷ್ಟ ಏನೆಂದರೆ, ಒಂದೊಂದು ಪೀಠ ಒಂದೊಂದು ರೀತಿ ಅನ್ವಯಿಸುತ್ತದೆ. ಒಬ್ಬರಿಗೆ ಐದು ವರ್ಷಕ್ಕೆ ಜಾಮೀನು, ಇನ್ನೊಬ್ಬರಿಗೆ ಅಷ್ಟೇ ವರ್ಷ ಆದರೂ ಇಲ್ಲ. ಇದನ್ನು ಸಂಸತ್ತೇ ಕಾಯ್ದೆಯಲ್ಲಿ ಬರೆಯಬೇಕು: ಇಷ್ಟು ವರ್ಷದೊಳಗೆ ವಿಚಾರಣೆ ಮುಗಿಸಿ, ಇಲ್ಲವಾದರೆ ಬಿಡಿ. ಖುಲಾಸೆಯಾದವರಿಗೆ ಕೇಳದೆಯೇ ಪರಿಹಾರ ಸಿಗಬೇಕು.

ಪಶ್ಚಿಮವಾಹಿನಿ:
ಪರಿಹಾರ ಅಂದಾಗ ಕೇಳಬೇಕು ಅನ್ನಿಸಿತು. ಬೆಟ್ಟದ ಕಡೆಯವರಿಗೆ ಏನಾದರೂ ಸಿಕ್ಕಿತಾ?

ಮೈಸೂರು_ವಕೀಲೆ:
ಕೆಲವರಿಗೆ. 1999ರಲ್ಲಿ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ, ಪೊಲೀಸರ ಹಿಂಸೆಯ ದೂರು ವಿಚಾರಿಸಲು ಸಮಿತಿ ಮಾಡಿತು. ಜನ ಬಂದು ಹೇಳಿಕೊಂಡರು. ಬೆಟ್ಟದಲ್ಲಿ ಚಿತ್ರಹಿಂಸೆ ನಡೆಯುತ್ತಿದ್ದ ಜಾಗಕ್ಕೆ "ವರ್ಕ್‌ಶಾಪ್" ಅನ್ನುವ ಹೆಸರಿತ್ತು. 2007ರಲ್ಲಿ 89 ಜನರಿಗೆ 2.80 ಕೋಟಿ ರೂಪಾಯಿ ಕೊಡಲು ಆಯೋಗ ಹೇಳಿತು. ಸುಮ್ನೆ ಕೂಡಿಹಾಕಿದ ಜೈಲಿನ ವರ್ಷಗಳಿಗೆ ಅಂತ ಬೇರೆ ಲೆಕ್ಕ ಆಗಲಿಲ್ಲ. ಹನೂರಿನವರೇ, ದೊಡ್ಡಪ್ಪನ ಹೆಸರು ಆ 89ರಲ್ಲಿ ಇದೆಯಾ?

ಹನೂರಿನವ:
ಇಲ್ಲ ಮೇಡಂ. ಸಮಿತಿಯವರು ಬಂದಾಗ ಅವರು ಇನ್ನೂ ಒಳಗೇ ಇದ್ದರು. ದೊಡ್ಡಮ್ಮ ಹೆದರಿ ಹೋಗಲಿಲ್ಲ.

ಒಂದು ಸುದ್ದಿ. ನೀವು ಹೇಳಿದ ಹಾಗೆ ಭಾನುವಾರ ಅವರ ಟ್ರಂಕ್ ತೆಗೆಸಿದೆ. ತಳದಲ್ಲಿ ಮದುವೆಯ ಪಂಚೆ, ಅದರೊಳಗೆ ಪ್ಲಾಸ್ಟಿಕ್ ಕವರ್, ಅದರೊಳಗೆ ಜೈಲಿನ ಬಿಡುಗಡೆ ಚೀಟಿ. ಮಡಿಕೆ ಇರುವ ಕಡೆಯೆಲ್ಲ ಹರಿದಿದೆ, ಕೇಸ್ ನಂಬರ್ ಮಾತ್ರ ಓದಲು ಬರುತ್ತದೆ. ಸೋಮವಾರ ಮೊಮ್ಮಗನೂ ನಾನೂ ಮೈಸೂರಿಗೆ ಹೋಗಿ ನಕಲಿಗೆ ಅರ್ಜಿ ಕೊಟ್ಟು ಬಂದೆವು. ರಶೀದಿ ಸಿಕ್ಕಿದೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹುಡುಗನೇ ಕನ್ನಡದಲ್ಲಿ ಬರೆದ.

ಮನೆಗೆ ಬಂದಾಗ ದೊಡ್ಡಪ್ಪ ಕೇಳಿದ್ದು ಒಂದೇ. "ಆ ಕಾಗದದಲ್ಲಿ ನನ್ನ ಹೆಸರು ಇರ್ತದಾ? ನಾನು ಮಾಡಿಲ್ಲ ಅಂತ ಬರೆದಿರ್ತಾರಾ?" ಮೇಡಂ, ಹಾಗೆ ಬರೆದಿರುತ್ತಾರಾ? ನಕಲು ಬಂದ ದಿನ ಗಟ್ಟಿಯಾಗಿ ಓದಿ ಹೇಳು ಅಂದಿದ್ದಾರೆ.

ಮೈಸೂರು_ವಕೀಲೆ:
ಹೆಸರು ಇರುತ್ತದೆ. "ಆರೋಪ ಸಾಬೀತಾಗಿಲ್ಲ, ಬಿಡುಗಡೆ ಮಾಡಲಾಗಿದೆ" ಅನ್ನುವ ಅರ್ಥದ ಸಾಲು ಇರುತ್ತದೆ. ತೀರ್ಪು ಇಂಗ್ಲಿಷಿನಲ್ಲಿದ್ದರೆ ನನಗೆ ಕಳಿಸಿ. ಅವರ ಹೆಸರು ಇರುವ ಪುಟಗಳನ್ನು ನಾನೇ ಕನ್ನಡ ಮಾಡಿಕೊಡುತ್ತೇನೆ, ದೊಡ್ಡ ಅಕ್ಷರದಲ್ಲಿ.